ಎಸ್‌ಎಂಎನಾ ಇಎಂಎನಾ ಅಂತ ಜಗಳ ಆಡೋದು ನಿಲ್ಸಿ

1/10

ಮೊದಲೇ ಹೇಳ್ಬಿಡ್ತೀನಿ, ಈ ಸರಣಿ ಓದಿ ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ. ಮೂರು ತಿಂಗಳಿಂದ ನಮ್ಮ ಕಾಲೇಜಿನ ಎಲ್ಲ ವಾಟ್ಸಾಪ್ ಗ್ರೂಪಲ್ಲೂ ಒಂದೇ ಚರ್ಚೆ. ಸಿಂಪಲ್ ಮೂವಿಂಗ್ ಆವರೇಜ್ ಒಳ್ಳೇದಾ, ಎಕ್ಸ್‌ಪೊನೆನ್ಷಿಯಲ್ ಒಳ್ಳೇದಾ? ಒಬ್ಬ 9-21 ಅಂತಾನೆ, ಇನ್ನೊಬ್ಬ 5-13 ಅಂತಾನೆ, ಮೂರನೆಯವನು ಬಂದು "ಅದೆಲ್ಲ ಹಳೇದು ಮಗಾ, ಹಲ್ ಹಾಕು" ಅಂತಾನೆ. ಐಪಿಎಲ್ ಟೀಮ್ ಜಗಳ ಇದ್ದಂಗೆ ಇದೆ.

ಬರೀ ಜಗಳ ಆಗಿದ್ರೆ ನಾನು ಇಷ್ಟುದ್ದ ಬರೀತಿರಲಿಲ್ಲ. ನಮ್ಮ ಕ್ಲಾಸಿನ ಒಬ್ಬ ಹುಡುಗ, ಹೆಸರು ಬೇಡ, ಎರಡನೇ ಕಂತಿನ ಫೀಸಿಗೆ ಅಂತ ಮನೆಯಿಂದ ಬಂದ ದುಡ್ಡಲ್ಲಿ 4,999 ರೂಪಾಯಿ ಕೊಟ್ಟು ಒಂದು "ಸೀಕ್ರೆಟ್ ಇಎಂಎ" ಕೋರ್ಸ್ ತಗೊಂಡ. ಉಳಿದದ್ದು ಆಪ್ಷನ್ಸಿಗೆ ಹೋಯ್ತು. ಮೆಕ್ಕೆಜೋಳ ಮಾರಿದ ದುಡ್ಡು ಅದು. ಈಗ ಅವನಿಗೆ ಬೇಕಾಗಿರೋದು ಇನ್ನೊಂದು ಒಳ್ಳೆ ಇಂಡಿಕೇಟರ್ ಅಂತೆ! ತಪ್ಪು ಆವರೇಜ್ ಹಾಕ್ಕೊಂಡಿದ್ದೇ ಸೋಲಿಗೆ ಕಾರಣ ಅಂತ ಅವನಿಗೆ ಯಾರೋ ನಂಬಿಸಿದ್ದಾರೆ. ನನ್ನ ಜಗಳ ಆ "ಯಾರೋ" ಜೊತೆ.

ನಾನು ಹೇಳೋದು ಇಷ್ಟು. ಯಾವ ಬಗೆಯ ಮೂವಿಂಗ್ ಆವರೇಜ್ ಆದ್ರೂ ಅದರೊಳಗೆ ಇರೋದು ಅದೇ ಹಳೇ ಬೆಲೆಗಳು, ತೂಕ ಮಾತ್ರ ಬೇರೆ. ತೂಕ ಬದಲಿಸಿದ್ರೆ ನಾಳೆ ಗೊತ್ತಾಗಲ್ಲ. ಲೆಕ್ಕ ಹಾಕೇ ತೋರಿಸ್ತೀನಿ, ಕ್ಯಾಲ್ಕುಲೇಟರ್ ಇಟ್ಕೊಂಡು ಓದಿ.

2/10

ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಟೈಮ್ ಸೀರೀಸ್ ಚಾಪ್ಟರ್ ಎಲ್ಲರೂ ಬರ್ದಿದೀವಿ. ಐದು ವರ್ಷದ ಚಲಿಸುವ ಸರಾಸರಿ ಕಂಡುಹಿಡಿಯಿರಿ, ಅಂತ ಗ್ಯಾರಂಟಿ ಪ್ರಶ್ನೆ. ಐದು ವರ್ಷದ ಮೊತ್ತ ತಗೊಂಡು, ಐದರಿಂದ ಭಾಗಿಸಿ, ಉತ್ತರವನ್ನ ಎಲ್ಲಿ ಬರೀತಿದ್ವಿ? ಮೂರನೇ ವರ್ಷದ ಎದುರಿಗೆ. ಅಂದ್ರೆ ಮಧ್ಯದಲ್ಲಿ. ಮೊದಲ ಎರಡು ವರ್ಷ, ಕೊನೆಯ ಎರಡು ವರ್ಷ ಖಾಲಿ, ಅಲ್ಲಿ ಒಂದು ಅಡ್ಡಗೆರೆ. ಬಿಟ್ರೆ ಮೇಷ್ಟ್ರು ಮಾರ್ಕ್ಸ್ ಕಟ್ ಮಾಡ್ತಿದ್ರು.

ಕೊನೆಯ ಎರಡು ವರ್ಷ ಯಾಕೆ ಖಾಲಿ? ಮುಂದಿನ ವರ್ಷಗಳ ಅಂಕಿ ಇನ್ನೂ ಬಂದಿಲ್ಲ, ಹಂಗಾಗಿ ಆ ವರ್ಷದ ಟ್ರೆಂಡ್ ಇನ್ನೂ ಗೊತ್ತಿಲ್ಲ. ಪುಸ್ತಕ ಪ್ರಾಮಾಣಿಕವಾಗಿ ಗೆರೆ ಎಳೆದು ಸುಮ್ನಾಗುತ್ತೆ.

ಟ್ರೇಡಿಂಗ್ ಆಪ್ ಏನು ಮಾಡುತ್ತೆ ನೋಡಿ. ಅದೇ ಸರಾಸರಿಯನ್ನ ಮಧ್ಯದಿಂದ ಕಿತ್ತು, ಬಲಗಡೆ ಕೊನೆಯ ದಿನದ ಮೇಲೆ ಅಂಟಿಸುತ್ತೆ. ಪುಸ್ತಕ ಖಾಲಿ ಬಿಟ್ಟ ಜಾಗದಲ್ಲೇ ಗುರುಗಳು ಬಾಣದ ಗುರುತು ಹಾಕಿ "ಇಲ್ಲಿ ಬೈ" ಅಂತಾರೆ.

ಸಣ್ಣ ಲೆಕ್ಕ. ಒಂದು ಷೇರು ಐದು ದಿನ 100, 102, 104, 106, 108 ಅಂತ ಏರಿದೆ. ಸರಾಸರಿ 104. ಇವತ್ತಿನ ಬೆಲೆ 108. ಗೆರೆ ತೋರಿಸ್ತಾ ಇರೋದು ಎರಡು ದಿನ ಹಿಂದಿನ ಬೆಲೆ. ಇದನ್ನೇ ಲ್ಯಾಗ್ ಅನ್ನೋದು. ಎಸ್‌ಎಂಎಗೆ ಸೂತ್ರ ಸುಲಭ: ದಿನಗಳ ಸಂಖ್ಯೆಯಲ್ಲಿ ಒಂದು ಕಳೆದು, ಎರಡರಿಂದ ಭಾಗಿಸಿ. 20 ದಿನದ್ದಕ್ಕೆ 9.5 ದಿನ. 200 ದಿನದ್ದಕ್ಕೆ 99.5 ದಿನ. ಇದು ಗೆರೆಯ ದೋಷ ಅಲ್ಲ. ಮಧ್ಯದಲ್ಲಿ ಇರ್ಬೇಕಾದ್ದನ್ನ ಕೊನೆಗೆ ತಂದಿದ್ದರ ಬೆಲೆ.

3/10

"ಅದಕ್ಕೇ ಇಎಂಎ ಇರೋದು, ಅದು ಫಾಸ್ಟ್" ಅಂತೀರಿ. ಬನ್ನಿ.

ಇಎಂಎ ಸೂತ್ರ ಒಂದೇ ಸಾಲು. ನಿನ್ನೆಯ ಇಎಂಎ ತಗೊಳ್ಳಿ. ಇವತ್ತಿನ ಬೆಲೆಗೂ ಅದಕ್ಕೂ ಎಷ್ಟು ಅಂತರ ನೋಡಿ. ಆ ಅಂತರದ ಒಂದು ಪಾಲನ್ನ ನಿನ್ನೆಯದಕ್ಕೆ ಕೂಡಿಸಿ. ಪಾಲು ಎಷ್ಟು ಅಂದ್ರೆ, 2 ಅನ್ನು (ದಿನಗಳು + 1) ರಿಂದ ಭಾಗಿಸಿ ಬಂದಷ್ಟು. 20 ದಿನಕ್ಕೆ 2 ÷ 21, ಅಂದ್ರೆ ಶೇ 9.52. ಮುಗೀತು, 4,999 ರೂಪಾಯಿ ಕೋರ್ಸಿನ ಮೊದಲ ಮೂರು ವಿಡಿಯೋ ಇಷ್ಟೇ.

ಇದು ಷೇರು ಮಾರ್ಕೆಟ್ಟಿಗೆ ಅಂತ ಹುಟ್ಟಿದ್ದೂ ಅಲ್ಲ. 1950ರ ದಶಕದಲ್ಲಿ ರಾಬರ್ಟ್ ಬ್ರೌನ್, ಚಾರ್ಲ್ಸ್ ಹೋಲ್ಟ್ ಅನ್ನೋರು ಗೋದಾಮಿನಲ್ಲಿ ಎಷ್ಟು ಸ್ಟಾಕ್ ಇಡ್ಬೇಕು ಅಂತ ಅಂದಾಜು ಮಾಡೋಕೆ ಈ ವಿಧಾನ ಬೆಳೆಸಿದ್ರು. ಹಳೇ ಲೆಡ್ಜರ್ ಪೂರ್ತಿ ಇಟ್ಕೊಳ್ಳೋದು ಬೇಡ, ನಿನ್ನೆಯ ಒಂದು ನಂಬರ್ ನೆನಪಿದ್ರೆ ಸಾಕು. ಅದು ನಿಜವಾದ ಅನುಕೂಲ. ನಮ್ಮ ಇನ್ವೆಂಟರಿ ಚಾಪ್ಟರಿನ ನೆಂಟ ಅದು.

ಈಗ ಯಾವ ರೀಲಲ್ಲೂ ಹೇಳದ ವಿಷಯ. 20 ಇಎಂಎ ಒಳಗಿರೋ ಬೆಲೆಗಳ ಸರಾಸರಿ ವಯಸ್ಸು ಎಷ್ಟು ಗೊತ್ತಾ? 9.5 ದಿನ. 20 ಎಸ್‌ಎಂಎದು? ಅದೂ 9.5 ದಿನ. ಒಂದೇ! ಆ "ದಿನ + 1" ಸೂತ್ರದಿಂದ ಎರಡರ ವಯಸ್ಸೂ ಸರಿಸಮ ಬರುತ್ತೆ. ಇಎಂಎ ಇವತ್ತಿನ ಬೆಲೆಗೆ ಹೆಚ್ಚು ತೂಕ ಕೊಡೋದು ನಿಜ. ಆದ್ರೆ ಹಳೇದನ್ನ ಪೂರ್ತಿ ಬಿಡೋದೂ ಇಲ್ಲ. 20 ಇಎಂಎಯ ತೂಕದಲ್ಲಿ ಸುಮಾರು ಶೇ 13.5 ಇಪ್ಪತ್ತು ದಿನಕ್ಕಿಂತ ಹಳೇ ಬೆಲೆಗಳದ್ದು. ಮುಂದೆ ಗಳಿಸಿದ್ದನ್ನ ಹಿಂದೆ ಕಳ್ಕೊಳ್ಳುತ್ತೆ.

ಬೆಲೆ ಒಂದೇ ದಿನ 100ರಿಂದ 120ಕ್ಕೆ ಜಿಗಿದು ಅಲ್ಲೇ ನಿಂತಿತು ಅಂದ್ಕೊಳ್ಳಿ. 10ನೇ ದಿನ ಎಸ್‌ಎಂಎ 110, ಇಎಂಎ 112.6. ಹೌದು, ಇಎಂಎ ಮುಂದೆ. 16ನೇ ದಿನ ಎರಡೂ 116ರ ಹತ್ರ. 20ನೇ ದಿನ ಎಸ್‌ಎಂಎ ಸರಿಯಾಗಿ 120 ಮುಟ್ಟಿದೆ, ನಿಮ್ಮ ಫಾಸ್ಟ್ ಇಎಂಎ ಇನ್ನೂ 117.3ರಲ್ಲಿ ಕೂತಿದೆ. ಸಮವಾಗಿ ಏರೋ ಷೇರಲ್ಲಂತೂ ಎರಡೂ ಒಂದೇ ದೂರದಲ್ಲಿ ಹಿಂದೆ ಬರ್ತವೆ. ಯಾವುದು ಫಾಸ್ಟ್ ಅನ್ನೋ ಪ್ರಶ್ನೆಗೆ ಉತ್ತರ, ಯಾವ ದಿನ ಕೇಳ್ತೀರಿ ಅನ್ನೋದರ ಮೇಲಿದೆ.

4/10

ನಿಜವಾದ ಚಾರ್ಟಲ್ಲಿ ನೋಡೋಣ. 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ. ಹಿಂದಿನ ದಿನ ನಿಫ್ಟಿ 23,263.90ಕ್ಕೆ ಮುಗಿದಿತ್ತು. 4ಕ್ಕೆ 21,884.50. ಒಂದೇ ದಿನ 1,379 ಅಂಕ ಢಮಾರ್.

ಬೆಲೆ ಹಿಂದಿನ ದಿನದಷ್ಟೇ ಇದ್ದಿದ್ರೆ ಗೆರೆ ಎಲ್ಲಿರ್ತಿತ್ತೋ, ಅದಕ್ಕಿಂತ 20 ಎಸ್‌ಎಂಎ ಕೆಳಗೆ ಬಂದಿದ್ದು 1,379ರ ಇಪ್ಪತ್ತನೇ ಒಂದು ಭಾಗ, ಸುಮಾರು 69 ಅಂಕ. 20 ಇಎಂಎ ಸುಮಾರು 131 ಅಂಕ. ಡಬ್ಲ್ಯುಎಂಎ ಅಂದ್ರೆ ವೆಯ್ಟೆಡ್ ಕೂಡ 131. ಮೇಲ್ನೋಟಕ್ಕೆ ಇಎಂಎ ಗೆದ್ದಂಗೆ ಕಾಣುತ್ತೆ, ಅಲ್ವಾ? ಆದ್ರೆ ಜೂನ್ 7ಕ್ಕೆ ನಿಫ್ಟಿ 23,290.15. ಮೂರೇ ದಿನದಲ್ಲಿ ಬಿದ್ದಿದ್ದೆಲ್ಲ ವಾಪಸ್. ಜೋರಾಗಿ ಓಗೊಟ್ಟ ಗೆರೆ ಈ ಸಲ ಗದ್ದಲಕ್ಕೆ ಓಗೊಟ್ಟಿತ್ತು. ಸುದ್ದಿ ಯಾವುದು ಗದ್ದಲ ಯಾವುದು ಅಂತ ಆ ದಿನ ಸಂಜೆ ಯಾವ ತೂಕವೂ ಹೇಳಲ್ಲ.

ಎಸ್‌ಎಂಎ ಸಾಚಾ ಅಂತಲ್ಲ. ಅದಕ್ಕೆ ಬೇರೆ ರೋಗ. ಜೂನ್ 4ರ ಆ ಬೆಲೆ 20 ದಿನ ಒಳಗಿದ್ದು, ಜುಲೈ ಮೊದಲ ವಾರದಲ್ಲಿ ಪಟ್ಟಿಯಿಂದ ಹೊರಗೆ ಬಿತ್ತು. ಬಿದ್ದ ದಿನ ಎಸ್‌ಎಂಎ ಮಾಮೂಲಿಗಿಂತ ಜೋರಾಗಿ ಮೇಲೆ ಹೋಗುತ್ತೆ. ಆ ದಿನ ಮಾರ್ಕೆಟ್ಟಲ್ಲಿ ಏನೂ ವಿಶೇಷ ಆಗಿರಲೇಬೇಕು ಅಂತಿಲ್ಲ. ತಿಂಗಳ ಹಿಂದಿನ ಒಂದು ಕೆಟ್ಟ ದಿನ ಹೊರಗೆ ಹೋಯ್ತು ಅಷ್ಟೇ. ಕೆಟ್ಟ ಇಂಟರ್ನಲ್ ಮಾರ್ಕ್ಸನ್ನ ಲೆಕ್ಕದಿಂದ ತೆಗೆದ್ರೆ ಆವರೇಜ್ ಏರುತ್ತೆ, ಹಾಗಂತ ನಿನ್ನೆ ರಾತ್ರಿ ನೀವು ಓದಿದ್ರಿ ಅಂತ ಅಲ್ವಲ್ಲ!

ಇನ್ನೊಂದು ಸಣ್ಣ ಸತ್ಯ: 20 ಎಸ್‌ಎಂಎ ಇವತ್ತು ಮೇಲೆ ತಿರುಗಿದೆ ಅಂದ್ರೆ ಅರ್ಥ ಒಂದೇ. ಇವತ್ತಿನ ಬೆಲೆ 20 ದಿನ ಹಿಂದಿನ ಬೆಲೆಗಿಂತ ಹೆಚ್ಚಿದೆ. ಬೇರೇನೂ ಅದು ಹೇಳ್ತಾ ಇಲ್ಲ.

5/10

ಈಗ "ಲ್ಯಾಗ್ ಇಲ್ಲದ" ಮಾಲು.

ವೆಯ್ಟೆಡ್‌ನಲ್ಲಿ ಇವತ್ತಿಗೆ 5 ಪಾಲು, ನಿನ್ನೆಗೆ 4, ಮೊನ್ನೆಗೆ 3, ಹಿಂಗೆ ಇಳೀತಾ ಹೋಗುತ್ತೆ. ನಮ್ಮ 100ರಿಂದ 108ರ ಷೇರಿಗೆ 105.33 ಬರುತ್ತೆ. ಎಸ್‌ಎಂಎ 104 ಇತ್ತು. ಸ್ವಲ್ಪ ಹತ್ರ ಬಂತು. ಯಾಕೆ? ಒಳಗಿರೋ ಬೆಲೆಗಳ ಸರಾಸರಿ ವಯಸ್ಸು ಕಮ್ಮಿ ಆಯ್ತು. 20 ದಿನದ ಡಬ್ಲ್ಯುಎಂಎ ಲ್ಯಾಗ್ 6.3 ದಿನ. ಅಷ್ಟೇ ಬೇಕಿದ್ರೆ 14 ದಿನದ ಎಸ್‌ಎಂಎ ಹಾಕಿ, 6.5 ದಿನ ಬರುತ್ತೆ. ಬ್ರ್ಯಾಂಡ್ ಬದಲಿಸೋ ಬದಲು ಸೈಜ್ ಬದಲಿಸಿದಂಗೆ.

ಡೆಮಾ, ಟೆಮಾ ಅಂತ ಇವೆ. 1994ರಲ್ಲಿ ಪ್ಯಾಟ್ರಿಕ್ ಮಲಾಯ್ ಬರೆದಿದ್ದು. ಇಎಂಎ ಎರಡು ಪಟ್ಟು ಮಾಡಿ, ಇಎಂಎಯ ಇಎಂಎ ಕಳೀರಿ, ಅದೇ ಡೆಮಾ. 2005ರಲ್ಲಿ ಅಲನ್ ಹಲ್ ತಂದಿದ್ದು ಹಲ್. ಅರ್ಧ ಅವಧಿಯ ಡಬ್ಲ್ಯುಎಂಎ ಎರಡು ಪಟ್ಟು, ಅದರಲ್ಲಿ ಪೂರ್ತಿ ಅವಧಿಯದ್ದು ಕಳೀರಿ, ಉಳಿದದ್ದನ್ನ ಅವಧಿಯ ವರ್ಗಮೂಲದಷ್ಟು ದಿನಕ್ಕೆ ಮತ್ತೆ ಸರಾಸರಿ ಮಾಡಿ. 16 ದಿನದ ಹಲ್ ಲೆಕ್ಕ ಹಾಕಿದ್ರೆ ಲ್ಯಾಗ್ ಬರೀ 0.67 ದಿನ. ಜಾದೂ ಅನ್ಸುತ್ತೆ.

ಜಾದೂ ಎಲ್ಲಿದೆ ನೋಡಿ. "ಕಳೀರಿ" ಅನ್ನೋದರಲ್ಲಿ. ಕಳೆದಾಗ ಹಳೇ ದಿನಗಳ ತೂಕ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಮೈನಸ್ ಆಗುತ್ತೆ. ಅಂದ್ರೆ ಹತ್ತು ದಿನ ಹಿಂದೆ ಬೆಲೆ ಹೆಚ್ಚಿದ್ದಷ್ಟೂ ಇವತ್ತಿನ ಹಲ್ ಗೆರೆ ಕೆಳಗಿರುತ್ತೆ! ಸರಾಸರಿ ಅನ್ನೋ ಪದಕ್ಕೆ ಅವಮಾನ ಇದು. ಐದು ಜನರ ಎತ್ತರದ ಸರಾಸರಿ ತೆಗೀವಾಗ ಇಬ್ಬರ ಎತ್ತರ ಕಳೀತೀವಾ? ಅದು ಸರಾಸರಿ ಅಲ್ಲ, ಇದುವರೆಗಿನ ಇಳಿಜಾರನ್ನ ಮುಂದಕ್ಕೆ ಎಳೆದು ಹಾಕೋ ಊಹೆ. ಬೆಲೆ ನೆಟ್ಟಗೆ ಹೋಗೋವರೆಗೂ ಚೆನ್ನಾಗಿ ಕಾಣುತ್ತೆ. ತಿರುವಲ್ಲಿ ಗೆರೆ ಬೆಲೆಯನ್ನೇ ದಾಟಿ ಆಚೆ ಹೋಗಿ, ಮುಗ್ಗರಿಸಿ ವಾಪಸ್ ಬರುತ್ತೆ. ಘಾಟಿನಲ್ಲಿ ಸ್ಪೀಡಾಗಿ ಬಂದ ಬೈಕ್ ಇದ್ದಂಗೆ. ನಮಗೆ ಬೇಕಾಗಿದ್ದೇ ತಿರುವು ತಾನೆ?

ನಯವಾದ ಗೆರೆ ಬೇಕು ಅಂದ್ರೆ ತಡ ಆಗುತ್ತೆ. ತಡ ಬೇಡ ಅಂದ್ರೆ ಗೆರೆ ನಡುಗುತ್ತೆ. ತಡವೂ ಬೇಡ ನಡುಕವೂ ಬೇಡ ಅಂದ್ರೆ ಊಹೆ ಸೇರಿಸ್ಬೇಕು, ಆಗ ತಿರುವಲ್ಲಿ ಹಳ್ಳಕ್ಕೆ ಬೀಳುತ್ತೆ. ನಾಲ್ಕನೇ ದಾರಿ ಮಾರ್ತೀನಿ ಅಂತ ಯಾರಾದ್ರೂ ಬಂದ್ರೆ ಬಿಲ್ ಕೇಳಿ, ಜಿಎಸ್‌ಟಿ ನಂಬರ್ ಕೇಳಿ.

6/10

ಇದು ನನಗೆ ಅತಿ ಸಿಟ್ಟು ಬರ್ಸೋ ಭಾಗ. "ಡಬಲ್ ಕನ್ಫರ್ಮೇಷನ್".

ರೀಲಲ್ಲಿ ಹೇಳೋದು ಹಿಂಗೆ: "ಫ್ರೆಂಡ್ಸ್, ಪ್ರೈಸ್ ಇಎಂಎ ಮೇಲೆ ಕ್ಲೋಸ್ ಆಗಿದೆ. ಒಂದು. ಇಎಂಎ ಕೂಡ ಮೇಲಕ್ಕೆ ತಿರುಗಿದೆ. ಎರಡು. ಡಬಲ್ ಕನ್ಫರ್ಮೇಷನ್, ಎಂಟ್ರಿ ತಗೊಳ್ಳಿ."

ಮೂರನೇ ಭಾಗದ ಸೂತ್ರಕ್ಕೆ ವಾಪಸ್ ಹೋಗಿ. ನಿನ್ನೆಯ ಇಎಂಎಗೆ ಅಂತರದ ಒಂದು ಪಾಲು ಕೂಡಿಸ್ತೀವಿ. ಬೆಲೆ ಗೆರೆಗಿಂತ ಮೇಲಿದ್ರೆ ಅಂತರ ಪ್ಲಸ್, ಗೆರೆ ಏರಲೇಬೇಕು. ಕೆಳಗಿದ್ರೆ ಇಳೀಲೇಬೇಕು. ಎರಡೂ ಒಂದೇ ಘಟನೆ! ಬೆಲೆ ಮೇಲಿದ್ದು ಇಎಂಎ ಇಳಿಯೋ ದಿನ ಅನ್ನೋದೇ ಇಲ್ಲ. ಒಬ್ಬನೇ ಸಾಕ್ಷಿ ಅಂಗಿ ಬದಲಿಸ್ಕೊಂಡು ಎರಡು ಸಲ ಕಟಕಟೆಗೆ ಬಂದಂಗೆ.

ಕೆಲವರು ಮುಂದುವರೆದು "ಟ್ರಿಪಲ್" ಮಾಡ್ತಾರೆ. "12 ಇಎಂಎ 26ನ್ನ ದಾಟಿದೆ, ಜೊತೆಗೆ ಎಂಎಸಿಡಿ ಸೊನ್ನೆ ಮೇಲೆ ಬಂದಿದೆ." ಜೆರಾಲ್ಡ್ ಆಪೆಲ್ ಅವರ ಎಂಎಸಿಡಿ ಅಂದ್ರೇನು? 12 ಇಎಂಎಯಲ್ಲಿ 26 ಇಎಂಎ ಕಳೆದದ್ದು. ಅದು ಸೊನ್ನೆ ದಾಟೋದು ಅಂದ್ರೇನೇ 12 ಇಎಂಎ 26ನ್ನ ದಾಟೋದು. ಅಮ್ಮ ಒಪ್ಪಿದ್ಲು, ಅಪ್ಪನ ಹೆಂಡ್ತಿನೂ ಒಪ್ಪಿದ್ಲು ಅನ್ನೋದು ಎರಡು ಒಪ್ಪಿಗೆನಾ?

ಇದು ಗೊತ್ತಿಲ್ಲದೇ ಹೇಳ್ತಿದ್ರೆ ಅವರು ಕಲಿಸೋಕೆ ಲಾಯಕ್ ಇಲ್ಲ. ಗೊತ್ತಿದ್ದೂ ಹೇಳ್ತಿದ್ರೆ, ಅದಕ್ಕೆ ಇರೋ ಪದ ನಿಮಗೇ ಗೊತ್ತು.

7/10

"200 ಇಎಂಎ ಹತ್ರ ದೊಡ್ಡ ಸಂಸ್ಥೆಗಳು ಖರೀದಿ ಮಾಡ್ತವೆ" ಅಂತ ಹೇಳಿ, ತೆರೆದಿಟ್ಟಿರೋದು 5 ನಿಮಿಷದ ಚಾರ್ಟ್. ಮಾರ್ಕೆಟ್ 9:15ರಿಂದ 3:30, ಒಟ್ಟು 375 ನಿಮಿಷ, 5 ನಿಮಿಷದ 75 ಕ್ಯಾಂಡಲ್. 200 ಕ್ಯಾಂಡಲ್ ಅಂದ್ರೆ ಎರಡು ಮುಕ್ಕಾಲು ದಿನವೂ ಆಗಲ್ಲ. ಫಂಡ್ ಮ್ಯಾನೇಜರ್ ನೋಡ್ತಾರೆ ಅನ್ನೋ 200, ದಿನದ ಚಾರ್ಟಿನ 200. ಅದು ಹತ್ತಿರ ಹತ್ತಿರ ಹತ್ತು ತಿಂಗಳು. ನಂಬರ್ ಒಂದೇ ಅಂತ ಇದಕ್ಕೆ ಅದರ ಮರ್ಯಾದೆ ಅಂಟಿಸೋದು ಹೆಂಗೆ?

ಇನ್ನೊಂದು, ಇದು ಬರೀ ತಮಾಷೆಗೆ. ನಮ್ಮ ಕ್ಲಾಸಲ್ಲಿ ಇಬ್ಬರು "ನನ್ನ ಆಪಲ್ಲಿ 200 ಇಎಂಎ ಟಚ್ ಆಯ್ತು, ನಿನ್ನದರಲ್ಲಿ ಯಾಕಾಗಿಲ್ಲ" ಅಂತ ಮಾತು ಬಿಟ್ಟಿದ್ರು. ಇಎಂಎ ಎಲ್ಲಿಂದಲೋ ಶುರು ಆಗ್ಬೇಕು, ಅದಕ್ಕೊಂದು ಬೀಜದ ಬೆಲೆ ಬೇಕು. ಆಪ್ ಎಷ್ಟು ಹಳೇ ಡೇಟಾ ಲೋಡ್ ಮಾಡಿದೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. 200 ಕ್ಯಾಂಡಲ್ ಕಳೆದ್ಮೇಲೂ ಶೇ 13.5ರಷ್ಟು ತೂಕ ಆ ಬೀಜದ ಮೇಲೇ ಇರುತ್ತೆ. ಎರಡು ಆಪಲ್ಲಿ ಎರಡು ಗೆರೆ. ಇನ್ನು 1978ರಲ್ಲಿ ವೆಲ್ಸ್ ವೈಲ್ಡರ್ ತಂದ ಆರ್‌ಎಸ್‌ಐ ಒಳಗೂ ಒಂದು ಸರಾಸರಿ ಇದೆ. ಅವರ 14 ನಮ್ಮ ಇಎಂಎ ಲೆಕ್ಕದಲ್ಲಿ 27. ಹೆಸರಿನ ಮುಂದಿನ ನಂಬರ್ ನೋಡಿ ಹೋಲಿಸೋರು ಇದನ್ನ ಯೋಚ್ನೆ ಮಾಡಿ.

"ಎಲ್ಲರೂ ಅದೇ ಗೆರೆ ನೋಡ್ತಾರೆ, ಅದಕ್ಕೇ ಕೆಲಸ ಮಾಡುತ್ತೆ" ಅನ್ನೋ ವಾದ ಬರುತ್ತೆ. ಎಲ್ಲರೂ ಒಂದೇ ಗೆರೆ ಹತ್ರ ಕಾಯ್ತಿದ್ರೆ ಜಾಣ ಎರಡು ರೂಪಾಯಿ ಮೇಲೆಯೇ ತಗೊಂಡು ಹೋಗ್ತಾನೆ. ಸಂತೆಯಲ್ಲಿ ಟೊಮೆಟೊ ಕೊಳ್ಳೋರಿಗೂ ಗೊತ್ತಿರೋ ವಿಷಯ.

8/10

ಕ್ರಾಸ್ಓವರ್ ರೀಲಲ್ಲಿ ಯಾಕೆ ಅಷ್ಟು ಚಂದ ಕಾಣುತ್ತೆ? ಉದ್ದ ಟ್ರೆಂಡ್ ಬಂದ ಚಾರ್ಟನ್ನೇ ಆರಿಸಿರ್ತಾರೆ. ಧೂಳು ನೋಡಿ ಬಸ್ ಯಾವ ಕಡೆ ಹೋಯ್ತು ಅಂತ ಯಾರು ಬೇಕಾದ್ರೂ ಹೇಳ್ಬಹುದು.

ಷೇರು 98ಕ್ಕೂ 102ಕ್ಕೂ ಮಧ್ಯೆ ಓಲಾಡ್ತಾ ಇದ್ರೆ ಏನಾಗುತ್ತೆ ನೋಡಿ. ಗೆರೆ 100ರ ಆಸುಪಾಸಿನಲ್ಲಿ ಮಲಗಿರುತ್ತೆ. ಮೇಲೆ ಕ್ಲೋಸ್ ಆದಾಗ 100.80ಕ್ಕೆ ಕೊಳ್ತೀರಿ, ಕೆಳಗೆ ಕ್ಲೋಸ್ ಆದಾಗ 99.30ಕ್ಕೆ ಮಾರ್ತೀರಿ. ಒಂದೂವರೆ ಹೋಯ್ತು. ಮತ್ತೆ ಕೊಳ್ತೀರಿ. ಮತ್ತೆ ಹೋಯ್ತು. ಬೆಲೆ ಇದ್ದಲ್ಲೇ ಇದೆ, ದುಡ್ಡು ಮಾತ್ರ ನಡ್ಕೊಂಡು ಹೋಗ್ತಿದೆ. ಇಲ್ಲಿ "ಫಾಸ್ಟ್" ಗೆರೆ ಹಾಕಿದಷ್ಟೂ ಜಾಸ್ತಿ ಸಲ ಕಚ್ಚುತ್ತೆ.

ಖರ್ಚಿನ ಲೆಕ್ಕ ನಾವು ಬಿಕಾಂನವರು ಹಾಕದೇ ಇನ್ಯಾರು ಹಾಕ್ಬೇಕು? ಒಂದು ಆರ್ಡರಿಗೆ 20 ರೂಪಾಯಿ ಬ್ರೋಕರೇಜ್ ಅಂತ ಇಟ್ಕೊಳ್ಳಿ. ಮೇಲೆ ಶೇ 18 ಜಿಎಸ್‌ಟಿ, 3.60. ಕೊಳ್ಳೋಕೆ ಒಂದು ಮಾರೋಕೆ ಒಂದು, 47.20. ದಿನಕ್ಕೆ ಆರು ಟ್ರೇಡ್ ಅಂದ್ರೆ 283.20. ತಿಂಗಳಲ್ಲಿ 20 ದಿನ, 5,664 ರೂಪಾಯಿ. ಇದಕ್ಕೆ ಎಸ್‌ಟಿಟಿ, ಎಕ್ಸ್‌ಚೇಂಜ್ ಚಾರ್ಜ್, ಸ್ಟ್ಯಾಂಪ್ ಡ್ಯೂಟಿ ಇನ್ನೂ ಸೇರಿಲ್ಲ. 20,000 ರೂಪಾಯಿ ಬಂಡವಾಳದ ಹುಡುಗ ತಿಂಗಳಿಗೆ ಶೇ 28 ಲಾಭ ಮಾಡಿದ್ರೆ ಬರೀ ಬ್ರೋಕರೇಜ್ ತೀರುತ್ತೆ. ಬ್ಯಾಂಕು ವರ್ಷಕ್ಕೆ ಎಷ್ಟು ಬಡ್ಡಿ ಕೊಡುತ್ತೆ ಅಂತ ನೆನಪಿದೆ ತಾನೆ?

ಈ ಲೆಕ್ಕ ಹಾಕಿದ್ದಕ್ಕೆ ಹೋದ ಸಲ ಕಾಮೆಂಟಲ್ಲಿ ಒಬ್ಬರು "ಹುಡುಗೀರಿಗೆ ಇದೆಲ್ಲ ಯಾಕೆ" ಅಂದಿದ್ರು. ಕೂಡೋದು ಕಳೆಯೋದು ತಪ್ಪಿದ್ರೆ ತೋರ್ಸಿ ಸರ್, ತಿದ್ಕೊಳ್ತೀನಿ.

9/10

ಸೆಬಿ 2024ರ ಸೆಪ್ಟೆಂಬರಲ್ಲಿ ಒಂದು ಅಧ್ಯಯನ ಬಿಡುಗಡೆ ಮಾಡ್ತು. 2021-22ರಿಂದ 2023-24ರ ಮೂರು ವರ್ಷದಲ್ಲಿ ಈಕ್ವಿಟಿ ಎಫ್ ಅಂಡ್ ಓ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ಶೇ 93 ಜನ ನಷ್ಟದಲ್ಲಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಜಾಸ್ತಿ ಲಾಭ ಮಾಡಿದವರು ಶೇ 1. ಮೂವತ್ತು ವರ್ಷದ ಕೆಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿದೆ. ಅಂದ್ರೆ ನಾವು. 2025ರ ಜುಲೈನಲ್ಲಿ ಬಂದ ಮುಂದಿನ ವರದಿಯಲ್ಲೂ ಶೇ 91 ಜನ ನಷ್ಟದಲ್ಲೇ.

ಎದುರುಗಡೆ ಯಾರಿದ್ದಾರೆ? ಅದೇ 2024ರ ಅಧ್ಯಯನ ಹೇಳುತ್ತೆ, 2023-24ರಲ್ಲಿ ದೊಡ್ಡ ಪ್ರೊಪ್ರೈಟರಿ ಟ್ರೇಡರ್‌ಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಒಟ್ಟು ಲಾಭ ಮಾಡಿದ್ದಾರೆ, ಅದರಲ್ಲಿ ಬಹುಪಾಲು ಕಂಪ್ಯೂಟರ್ ಅಲ್ಗೊಗಳದ್ದು. ಶೇ 96, 97 ಅಂತಿದೆ. ಅವರ ಮುಂದೆ ನಮ್ಮ ಹುಡುಗ ಮೊಬೈಲಲ್ಲಿ 9 ತೆಗೆದು 8 ಹಾಕಿ ಕೂತಿದ್ದಾನೆ.

ಸೋತ ಶೇ 93 ಜನರ ಚಾರ್ಟಲ್ಲಿ ಮೂವಿಂಗ್ ಆವರೇಜ್ ಇರಲಿಲ್ವಾ? ಎಲ್ಲ ಆಪಲ್ಲೂ ಅದು ಫ್ರೀ. ಫ್ರೀ ಸಿಗೋ ಗೆರೆ ಗೆಲ್ಲಿಸೋ ಹಾಗಿದ್ರೆ ಈ ಅಂಕಿ ಉಲ್ಟಾ ಇರ್ಬೇಕಿತ್ತು.

"ನಾನು ಬ್ಯಾಕ್‌ಟೆಸ್ಟ್ ಮಾಡಿದ್ದೀನಿ" ಅಂತಾರೆ. ನಾಲ್ಕು ಬಗೆ, 5ರಿಂದ 200ರವರೆಗೆ 196 ಅವಧಿ. ಎರಡೆರಡು ಜೋಡಿ ಮಾಡಿದ್ರೆ 19,110. ನಾಲ್ಕು ಬಗೆಗೆ 76,440. ಐದು ಟೈಮ್‌ಫ್ರೇಮ್‌ಗೆ 3,82,200. ಇಷ್ಟರಲ್ಲಿ ಯಾವುದೋ ಒಂದು ಕಳೆದ ಆರು ತಿಂಗಳಲ್ಲಿ ಭರ್ಜರಿ ಕಾಣಲೇಬೇಕು. ಅದನ್ನ ಹುಡುಕಿ ತಂದು ಸೀಕ್ರೆಟ್ ಅಂತ ಮಾರೋದು, ಪರೀಕ್ಷೆ ಮುಗಿದ್ಮೇಲೆ ಇಂಪಾರ್ಟೆಂಟ್ ಕ್ವೆಶ್ಚನ್ಸ್ ಹೇಳಿದಂಗೆ.

ಮಾರೋರ ಬಗ್ಗೆ ಇನ್ನೊಂದು ಮಾತು. 2025ರ ಜನವರಿಯಲ್ಲಿ ಸೆಬಿ ಹೇಳಿದೆ, "ನಾನು ಬರೀ ಕಲಿಸ್ತೀನಿ" ಅನ್ನೋರು ಕಳೆದ ಮೂರು ತಿಂಗಳ ಬೆಲೆ ಬಳಸಿ ಷೇರಿನ ಬಗ್ಗೆ ಮಾತಾಡೋ ಹಾಗಿಲ್ಲ ಅಂತ. ಕೆಳಗೆ "ಎಜುಕೇಷನಲ್ ಪರ್ಪಸ್ ಓನ್ಲಿ" ಅಂತ ಬರೆದು, ಮೇಲೆ ಇವತ್ತಿನ ಲೈವ್ ಚಾರ್ಟಲ್ಲಿ ಎಂಟ್ರಿ ಕೊಡೋರನ್ನ ನೀವು ಫಾಲೋ ಮಾಡ್ತಿದ್ರೆ, ಆ ಸಾಲಿಗೂ ಆ ವಿಡಿಯೋಗೂ ತಾಳೆ ಆಗುತ್ತಾ ನೋಡಿ. ಸಲಹೆ ಕೊಡೋರಿಗೆ ಸೆಬಿ ನೋಂದಣಿ ಸಂಖ್ಯೆ ಇರ್ಬೇಕು. ಸೆಬಿ ವೆಬ್‌ಸೈಟಲ್ಲಿ ಹುಡುಕೋಕೆ ಎರಡು ನಿಮಿಷ ಸಾಕು.

10/10

ಹಂಗಾದ್ರೆ ಮೂವಿಂಗ್ ಆವರೇಜ್ ಪೂರಾ ಬೋಗಸ್ಸಾ? ಅಲ್ಲ. ಹಾಗಂದ್ರೆ ನಾನೂ ರೀಲ್ ಗುರುಗಳ ಥರಾನೇ ಆಗ್ತೀನಿ.

1992ರಲ್ಲಿ ಬ್ರಾಕ್, ಲಕೊನಿಷೋಕ್, ಲೆಬರೋನ್ ಅನ್ನೋ ಮೂವರು ಅಮೆರಿಕದ ಡೌ ಜೋನ್ಸ್‌ನ 1897ರಿಂದ 1986ರವರೆಗಿನ ಬೆಲೆ ತಗೊಂಡು ಪರೀಕ್ಷೆ ಮಾಡಿದ್ರು. ಸರಳ ಆವರೇಜ್ ನಿಯಮಗಳಲ್ಲಿ ಏನೋ ಸುಳಿವು ಇದೆ ಅಂತಲೇ ಕಂಡಿತ್ತು. 1999ರಲ್ಲಿ ಸಲಿವನ್, ಟಿಮ್ಮರ್‌ಮನ್, ವೈಟ್ ಏಳು ಸಾವಿರಕ್ಕೂ ಹೆಚ್ಚು ನಿಯಮ ತಗೊಂಡು ಮತ್ತೆ ನೋಡಿದ್ರು. ಹಳೇ ಡೇಟಾದಲ್ಲಿ ಗೆದ್ದಿದ್ದ ನಿಯಮ ಮುಂದಿನ ಹತ್ತು ವರ್ಷದಲ್ಲಿ ಕೈ ಕೊಟ್ಟಿತ್ತು. 2007ರಲ್ಲಿ ಮೆಬ್ ಫೇಬರ್ ಹತ್ತು ತಿಂಗಳ ಸಿಂಪಲ್ ಆವರೇಜ್ ಒಂದನ್ನೇ ಹಿಡ್ಕೊಂಡು, ತಿಂಗಳಿಗೆ ಒಂದೇ ಸಲ ನೋಡಿ ತೀರ್ಮಾನ ಮಾಡೋ ವಿಧಾನ ಬರೆದ್ರು. ಅದರ ಮುಖ್ಯ ಲಾಭ ದೊಡ್ಡ ಕುಸಿತದಲ್ಲಿ ಪೆಟ್ಟು ಕಮ್ಮಿ ಆಗೋದು. ಗಮನಿಸಿ, ಅದು ಸಿಂಪಲ್. ಹಲ್ ಅಲ್ಲ, ಟೆಮಾ ಅಲ್ಲ. ಬಗೆಗಿಂತ ಎಷ್ಟು ಕಮ್ಮಿ ಸಲ ಕೈ ಆಡಿಸ್ತೀರಿ ಅನ್ನೋದೇ ಅಲ್ಲಿ ಕೆಲಸ ಮಾಡಿದ್ದು ಅಂತ ನನ್ನ ತಿಳುವಳಿಕೆ.

ನನ್ನ ಚಾರ್ಟಲ್ಲಿ ಇರೋದು ಒಂದೇ ಗೆರೆ, ದಿನದ ಚಾರ್ಟಲ್ಲಿ 200 ಎಸ್‌ಎಂಎ. ಮಾರ್ಕೆಟ್ ಹೆಂಗಿದೆ ಅಂತ ನೋಡೋಕೆ, ಮೋಡ ನೋಡಿ ಕೊಡೆ ತಗೊಳ್ಳೋ ಥರ. ಅದನ್ನ ನೋಡಿ ನಾನು ಆಪ್ಷನ್ಸ್ ತಗೊಳ್ಳಲ್ಲ.

ಮೊನ್ನೆ ಫಸ್ಟ್ ಇಯರ್ ಹುಡುಗಿಯೊಬ್ಬಳು ಮೆಸೇಜ್ ಮಾಡಿದ್ಲು. "ಅಕ್ಕ, ಎಲ್ಲಾ ಓದಿದೆ, ಕೊನೆಗೆ ನಾನು ಯಾವುದು ಹಾಕ್ಲಿ?" ಯಾವುದಾದ್ರೂ ಹಾಕಮ್ಮ. ಯಾವ ದುಡ್ಡು ಹಾಕ್ತಿದೀಯ ಅನ್ನೋದು ಮೊದಲು ಹೇಳು. ಫೀಸಿನ ದುಡ್ಡಾ, ಮನೆಗೆ ಗೊತ್ತಾ, ಹೋದ್ರೆ ಮುಂದಿನ ಕಂತು ಎಲ್ಲಿಂದ? ಇದಕ್ಕೆ ಉತ್ತರ ಇಲ್ಲ ಅಂದ್ರೆ ಎಸ್‌ಎಂಎ ಹಾಕಿದ್ರೂ ಇಎಂಎ ಹಾಕಿದ್ರೂ ನನ್ನ ಉತ್ತರ ಒಂದೇ, ಬೇಡ.

ಶೀಟ್ ಮಾಡಿಟ್ಟಿದ್ದೀನಿ, ಲಿಂಕ್ ಬಯೋದಲ್ಲಿದೆ, ಫ್ರೀ. ಒಂದು ಕಾಲಮ್ಮಲ್ಲಿ ನಿಫ್ಟಿ ದಿನದ ಕ್ಲೋಸಿಂಗ್ ಅಂಟಿಸಿದ್ರೆ ಎಸ್‌ಎಂಎ, ಇಎಂಎ, ಡಬ್ಲ್ಯುಎಂಎ, ಹಲ್ ನಾಲ್ಕೂ ಪಕ್ಕಪಕ್ಕ ಬರುತ್ತೆ. ಹೋಮ್‌ವರ್ಕ್ ಒಂದು ಕೊಡ್ತೀನಿ. 2020ರ ಮಾರ್ಚ್ ತೆಗೀರಿ. 23ನೇ ತಾರೀಖು ನಿಫ್ಟಿ 7,610.25ಕ್ಕೆ ಮುಗಿದಿದೆ. 50 ಗೆರೆ 200ನ್ನ ಕೆಳಗೆ ದಾಟಿದ್ದು ಯಾವ ದಿನ, ಅಷ್ಟರಲ್ಲಿ ಎಷ್ಟು ಅಂಕ ಆಗಲೇ ಬಿದ್ದಿತ್ತು, ವಾಪಸ್ ಮೇಲೆ ದಾಟೋ ಹೊತ್ತಿಗೆ ಎಷ್ಟು ಏರಿತ್ತು, ನಾಲ್ಕು ಬಗೆಗೂ ಬರೆದು ಕಾಮೆಂಟಲ್ಲಿ ಹಾಕಿ. ಇಎಂಎ ಉತ್ತರ ನಿಮ್ಮದೂ ಪಕ್ಕದವರದ್ದೂ ಬೇರೆ ಬಂದ್ರೆ ಜಗಳ ಆಡ್ಬೇಡಿ, ಬೀಜದ ಬೆಲೆ ನೋಡ್ಕೊಳ್ಳಿ.

#ಬಿಕಾಂ #ಚಲಿಸುವಸರಾಸರಿ #ಲೆಕ್ಕಹಾಕಿನೋಡಿ #ಫೀಸುದುಡ್ಡು